ಕಣ್ಣಾಗ ತೇಲೋ ಕರೆ ಎಳಿಗೆ ಲೇಸರ್ ಮಾಡಿಸಿದವ್ರು ಯಾರರ ಅದೀರೇನ್ರಿ?

ಗಣಿತದ ಮಾಸ್ತರ, ನವನಗರ ಬಾಗಲಕೋಟಿ

ಎಲ್ಲಾರಿಗೂ ನಮಸ್ಕಾರ್ರಿ. ನನಗ 53 ವಯಸ್ಸು, ಹೈಸ್ಕೂಲಿನಾಗ ಗಣಿತ ಕಲಸ್ತೀನಿ. ಸಣ್ಣಾಂವ ಇದ್ದಾಗಿಂದ ಚಾಳೀಸು, ಎರಡೂ ಕಣ್ಣು ಮೈನಸ್ ಆರರ ಮ್ಯಾಲೆ. ಈ ಸಲ ನಾಗರಪಂಚಮಿ ಮುಂದ ಬಲಗಣ್ಣಾಗ ಒಮ್ಮೆಲೆ ಒಂದು ಕರೆ ಬಳಿ ತೇಲಾಕ ಹತ್ತೇತಿ. ಪೂರಾ ದುಂಡಗಿಲ್ಲ, ಒಂದ ಕಡೆ ಮುರದೈತಿ, ಅಲ್ಲಿಂದ ಎರಡು ಎಳಿ ಜೋತು ಬಿದ್ದಾವ. ಕಣ್ಣು ಹೊಳ್ಳಿಸಿದ ಕಡೆ ಅದೂ ಬರತೈತಿ. ಕಣ್ಣು ನಿಂತ ಮ್ಯಾಲೂ ಅದು ಅರ್ಧ ಕ್ಷಣ ತೂಗ್ಯಾಡಿ ನಿಂದರತೈತಿ.

ಮನ್ಯಾಗ ಸುಮ್ಮನ ಕುಂತ್ರ ಅಷ್ಟು ತ್ರಾಸ ಇಲ್ಲ. ಬಿಳಿ ಹಾಳಿ ಮುಂದ ಬಂತಂದ್ರ ಕಾಟ ಸುರು. ಹ್ವಾದ ತಿಂಗಳು ಪೇಪರ್ ತಿದ್ದುವಾಗ ಒಬ್ಬಾಕಿ ಹುಡುಗಿ 35 ಅಂತ ಬರದಿದ್ದನ್ನ ನಾನು 3.5 ಅಂತ ಓದಿ ತಪ್ಪು ಹಾಕಿದೆ. ಮರುದಿನ ಆಕಿ ಪೇಪರ್ ತಂದು "ಸರ್, ಇಲ್ಲಿ ಚುಕ್ಕಿ ಇಲ್ಲರಿ" ಅಂತ ಮೆಲ್ಲಕ ಅಂದ್ಲು. ಆ ಚುಕ್ಕಿ ನನ್ನ ಕಣ್ಣಾಗಿತ್ತು. ಇಷ್ಟು ವರ್ಷದ ನೌಕರಿಯೊಳಗ ನನಗ ಅಷ್ಟು ಸಂಕಟ ಆಗಿದ್ದಿಲ್ಲ.

ಇಲ್ಲೇ ಕಣ್ಣಿನ ಡಾಕ್ಟರು ಹನಿ ಹಾಕಿ, ಪಾಪೆ ದೊಡ್ಡದು ಮಾಡಿ ನೋಡ್ಯಾರ. "ವಯಸ್ಸಿಗೆ ಆಗೂದ್ರಿ, ಕಣ್ಣಿನ ಹಿಂದಿನ ಪಡದಾ ಹರದಿಲ್ಲ, ರೂಢಿ ಆಗತೈತಿ" ಅಂದ್ರು. ಅಷ್ಟರಾಗ ಮೊಬೈಲಿನಾಗ ದೊಡ್ಡ ಊರಿನ ಒಂದು ಸೆಂಟರಿನ ಜಾಹೀರಾತು ಬಂತು. ಫೋನ್ ಹಚ್ಚಿ ಕೇಳಿದೆ. ಲೇಸರ್, 20 ನಿಮಿಷ, ಮೂರು ಸಿಟ್ಟಿಂಗ್, ಒಂದೊಂದಕ್ಕ 25 ಸಾವಿರ, "ಗ್ಯಾರಂಟಿ ಹೋಗತೈತಿ" ಅಂದ್ರು. ಕಣ್ಣ ನೋಡದ ಗ್ಯಾರಂಟಿ ಹೆಂಗ ಕೊಡತಾರ ಅನ್ನೂದ ನನಗ ತಿಳೀವಲ್ದು. ನಮ್ಮ ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರು ಜಿಲ್ಲಾದಾಗ ಯಾರರ ಮಾಡಿಸಿದವ್ರು ಇದ್ರ ಖರೇ ಏನಾತು ಹೇಳ್ರಿ.

ಸಿಂದಗಿ ತಮ್ಮ

ನನಗೂ ಅದಾವ್ರಿ ಸರ್. ನನಗ ಇನ್ನೂ 24. ಬ್ಯಾಸಗಿ ಮುಗಿಲ ಕಡೆ ನೋಡಿದ್ರ ಶಾವಿಗಿ ಒಣಾ ಹಾಕಿದಂಗ ಕಾಣತಾವ. ಎಲ್ಲಾರಿಗೂ ಕಾಣತಾವ ಅಂತ ತಿಳದಿದ್ದೆ.

ಸವದತ್ತಿ ಸೊಸಿ

ಹೆದರಬ್ಯಾಡ್ರಿ ಮಾಸ್ತರ. ನಮ್ಮ ಅತ್ತಿಯವರಿಗೆ ಲೇಸರ್ ಮಾಡಸೀವಿ. ಮೋತಿಬಿಂದು ಆಪರೇಶನ್ ಆಗಿ ಎರಡು ವರ್ಷಕ್ಕ ಮತ್ತ ಮಂಜು ಮಂಜು ಅನ್ನಾಕ ಹತ್ತಿದ್ರು. ಐದು ನಿಮಿಷದ ಕೆಲಸ, ನೋವಿಲ್ಲ ಏನಿಲ್ಲ. ಮರುದಿನ ಬಾಗಲದಾಗ ಕುಂತು ಜ್ವಾಳ ಹಸನು ಮಾಡಿದ್ರು.

ರಬಕವಿ ರಾತ್ರಿಪಾಳಿ

ಸುಳ್ಳರಿ ಅಕ್ಕಾರ. ನಮ್ಮ ಕಾಕಾಗೂ ಲೇಸರ್ ಹೊಡದಾರ. ತೇಲೂದು ಹಂಗ ಅದಾವ ಇವತ್ತಿಗೂ. ದುಡ್ಡು ಅಷ್ಟ ಹೋತು.

ಸವದತ್ತಿ ಸೊಸಿ

ಸುಳ್ಳು ಯಾಕ ಹೇಳಲಿ ಅಣ್ಣಾರ? ಮನ್ಯಾಗ ಕಣ್ಣಾರೆ ನೋಡಿದ್ದು ಹೇಳಿದೆ.

ಕಣ್ಣು ತಪಾಸಣಿ, ವಿಜಯಪುರ

ಇಬ್ಬರೂ ಖರೇ ಹೇಳಾಕ ಹತ್ತೀರಿ, ಆದ್ರ ಇಬ್ಬರದೂ ಬ್ಯಾರೆ ಬ್ಯಾರೆ ಲೇಸರ್. ನಾನು ಆಪ್ಟೊಮೆಟ್ರಿಸ್ಟ್, ವಾರಕ್ಕ ಮೂರು ಮಂದಿಗೆ ಇದನ್ನ ಬಿಡಿಸಿ ಹೇಳತಿರ್ತೀನಿ. "ಕಣ್ಣಿಗೆ ಲೇಸರ್ ಆಗೇತಿ" ಅಂದ್ರ ಏನೂ ಹೇಳಿದಂಗ ಆಗೂದಿಲ್ಲ.

ಅಕ್ಕಾರ, ಮೋತಿಬಿಂದು ತಗದು ಹೊಸ ಲೆನ್ಸ್ ಕೂಡಿಸುವಾಗ ಹಿಂದಿನ ತೆಳು ಪೊರಿ ಹಂಗ ಬಿಟ್ಟಿರತಾರ, ಲೆನ್ಸಿಗೆ ಅದ ಆಸರ. ಕೆಲವರಿಗೆ ಮುಂದ ಆ ಪೊರಿ ಮಬ್ಬಾಗತೈತಿ. ಯಾಗ್ ಅನ್ನೂ ಒಂದು ನಮೂನಿ ಲೇಸರಿನಿಂದ ಅದರ ನಡುವ ಒಂದು ಕಿಂಡಿ ತಗೀತಾರ. ನಿಮ್ಮ ಅತ್ತಿಯವರಿಗೆ ಆಗಿದ್ದು ಅದು. ಬಾಳ ವರ್ಷದಿಂದ ನಡದು ಬಂದ ಪದ್ಧತಿ, ನಮ್ಮ ಕಡೆನೂ ಆಗತೈತಿ.

ರಬಕವಿ ಅಣ್ಣಾರ, ನಿಮ್ಮ ಕಾಕಾಗ ಪಡದಾದಾಗ, ಅಂದ್ರ ರೆಟಿನಾದಾಗ, ತೂತು ಬಿದ್ದಿರಬೇಕು. ಆ ತೂತಿನ ಸುತ್ತಲೂ ಲೇಸರಿನಿಂದ ಸಣ್ಣ ಸಣ್ಣ ಸುಟ್ಟ ಗುರುತು ಮಾಡತಾರ. ಆ ಗಾಯ ಮಾಯುವಾಗ ರೆಟಿನಾ ಹಿಂದಿನ ಗ್ವಾಡಿಗೆ ಗಟ್ಟಿ ಅಂಟಿ ಕೂಡತೈತಿ, ನೀರು ಒಳಗ ನುಗ್ಗಿ ಎಬ್ಬಿಸೂದಿಲ್ಲ. ಅದು ತೇಲೂದನ್ನ ತಗ್ಯಾಕ ಮಾಡಿದ್ದಲ್ಲ, ಕಣ್ಣು ಉಳಸಾಕ ಮಾಡಿದ್ದು. ಫೈಲ್ ಇದ್ರ ತಗದು ನೋಡ್ರಿ.

ಮಾಸ್ತರು ಕೇಳಿದ್ದು ಮೂರನೇದು, ಯಾಗ್ ವಿಟ್ರಿಯೊಲೈಸಿಸ್. ತೇಲೂ ಗಂಟಿಗೇ ಗುರಿ ಇಟ್ಟು ಒಡಿಯೂದು. ಇದನ್ನ ಮಾಡೋರು ಕಡಿಮಿ, ಬ್ಯಾಡ ಅನ್ನೂ ಡಾಕ್ಟರು ಜಾಸ್ತಿ.

ರಬಕವಿ ರಾತ್ರಿಪಾಳಿ

ಫೈಲ್ ನೋಡಿದೆ ಸರ್. "ಹಾರ್ಸ್‌ಶೂ ಟೇರ್" ಅಂತ ಬರದೈತಿ, ಅಂದ್ರ ಪಡದಾ ಕುದರಿ ಲಾಳದಂಗ ಹರದಿದ್ದು. ಮಿಂಚು ಹೊಡದಂಗ ಆಗತಿತ್ತು ಅಂತ ಕಾಕಾ ಅಂತಿದ್ರು, ಖರೇ. ಅಕ್ಕಾರ, ಸುಳ್ಳು ಅಂದಿದ್ದು ನನ್ನದ ತಪ್ಪಾತು.

ಸವದತ್ತಿ ಸೊಸಿ

ಇರಲಿ ಬಿಡ್ರಿ ಅಣ್ಣಾರ. ಕಾಕಾನ ಕಣ್ಣು ಉಳೀತಲ್ಲ, ಅದು ದೊಡ್ಡದು.

ಇಳಕಲ್ ಮಗ್ಗ

ಮಾಸ್ತರ, ನಿಮ್ಮ ಚುಕ್ಕಿ ಕಥಿ ಓದಿ ನನಗ ಹೊಟ್ಟ್ಯಾಗ ಕಲಸಿದಂಗಾತು. ನಾನು ಸೀರಿ ನೇಯಾಂವ. ನನಗ ಎರಡು ವರ್ಷದಿಂದ ಎಡಗಣ್ಣಾಗ ಒಂದು ಎಳಿ. ಹಾಸಿನ (ಮಗ್ಗಕ್ಕ ಉದ್ದಕ ಕಟ್ಟಿದ ಎಳಿಗಳ) ಮ್ಯಾಲೆ ದಾರ ಹರದು ಬಿದ್ದಂಗ ಕಾಣತೈತಿ, ಮಗ್ಗ ನಿಂದರಿಸಿ ಕೈ ಹಾಕತೀನಿ, ಬಟ್ಟಿಗೆ ಏನೂ ತಾಗೂದಿಲ್ಲ. ಮತ್ತ ನೇಯಾಕ ಹತ್ತತೀನಿ, ಮತ್ತ ಬರತೈತಿ. ಮೊದಮೊದಲ ದಿನಕ್ಕ ಇಪ್ಪತ್ತು ಸಲ ಮಗ್ಗ ನಿಂದರಸತಿದ್ದೆ. ಸೀರಿ ಮೈಯ ಹಾಸಿನ ಎಳಿಗೆ ಸೆರಗಿನ ಹಾಸಿನ ಎಳಿ ಕೊಂಡಿ ಹಾಕಿ ಕೂಡಸೂದಂದ್ರ ಒಂದೊಂದ ಎಳಿ ಎಣಿಸೂ ಕೆಲಸ. ಅಲ್ಲಿ ಇಲ್ಲದ ಎಳಿ ಒಂದು ಬಂದು ಕುಂತ್ರ ಲೆಕ್ಕ ತಪ್ಪತೈತಿ. ಆ ಕೆಲಸ ಈಗ ಮನಿಯಾಕಿ ಮಾಡತಾಳ.

ನನಗ ಉಪಯೋಗ ಆಗಿದ್ದು ಎರಡು. ಮೊದಲ ಕಿಡಕಿ ಎದುರಿಗೆ ಇತ್ತು. ಮಗ್ಗದ ಕುಣಿ (ಕಾಲು ಇಳಿಬಿಡೂ ತಗ್ಗು) ಸರಿಸಾಕ ಬರೂದಿಲ್ಲ, ಹಿಂಗಾಗಿ ಕಿಡಕಿಗೆ ಹಳೆ ಸೀರಿ ಕಟ್ಟಿ, ಬೆಳಕು ಬೆನ್ನ ಹಿಂದಿಂದ ಬರೂವಂಗ ಬಲ್ಬು ಹಾಕಿದೆ. ಎರಡನೇದು, ಎಳಿ ನಟ್ಟ ನಡುವ ಬಂದು ನಿಂತ್ರ ಒಮ್ಮೆ ಅಟ್ಟ ನೋಡಿ, ಒಮ್ಮೆ ಕುಣಿ ನೋಡತೀನಿ. ಬದಿಗೆ ಸರೀತೈತಿ. ಸ್ವಲ್ಪ ಹೊತ್ತು ಬಿಡುವು.

ತಿಕೋಟಾ ದ್ರಾಕ್ಷಿ

ಅನಾನಸ್ ದಿನಾ ತಿಂದ್ರ ಕರಗತೈತಿ ಅಂತ ವಾಟ್ಸಾಪಿನಾಗ ಬಂದಿತ್ತು. ತೈವಾನಿನವ್ರು ಶೋಧ ಮಾಡ್ಯಾರಂತ. ಖರ್ಚಿಲ್ಲ, ತಿಂದು ನೋಡ್ರಿ.

ಹುನಗುಂದ ಹಿರಿಯ

ನಮ್ಮ ಕಾಲಕ್ಕ ಉಳ್ಳಾಗಡ್ಡಿ ರಸ, ಜೇನುತುಪ್ಪ ಕಣ್ಣಿಗೆ ಬಿಡತಿದ್ರು. ಕಣ್ಣು ಉರದು ನೀರು ಹೋಗಿ ಸ್ವಚ್ಛ ಆಗತಿತ್ತು.

ಕಣ್ಣು ತಪಾಸಣಿ, ವಿಜಯಪುರ

ಅಜ್ಜಾರ, ಕೈ ಮುಗದು ಕೇಳತೀನಿ, ಇದನ್ನ ಯಾರಿಗೂ ಹೇಳಬ್ಯಾಡ್ರಿ. ಕಣ್ಣಿಗೆ ಬಿಟ್ಟ ರಸ ಕರಿಗುಡ್ಡಿ ಮ್ಯಾಲೆ ನಿಂದರತೈತಿ. ತೇಲೂದು ಇರೂದು ಲೆನ್ಸಿನ ಹಿಂದ, ಕಣ್ಣಿನ ಗುಡ್ಡಿ ಒಳಗ. ಅಲ್ಲಿಗೆ ಉಳ್ಳಾಗಡ್ಡಿ ಮುಟ್ಟೂದಿಲ್ಲ, ಆದ್ರ ಮ್ಯಾಲೆ ಹುಣ್ಣು ಆಗಿ ಬಿಳಿ ಕಲಿ ಉಳದವರನ್ನ ನಾನು ನೋಡೀನಿ.

ಅನಾನಸ್ ವಿಷಯ. ತೈವಾನಿನವರ ಆ 2019ರ ಲೇಖನದ ಮ್ಯಾಲೆ ಕಣ್ಣಿನ ತಜ್ಞರು ಭರವಸಾ ಇಟ್ಟಿಲ್ಲ. ಹಣ್ಣು ಹಣ್ಣಂತ ತಿನ್ನಲಿ, ಔಷಧ ಅಂತ ಬ್ಯಾಡ. ಶುಗರ್ ಇದ್ದವರು ದಿನಾ ತಿಂದ್ರ ತ್ರಾಸ ಬ್ಯಾರೆ.

ತಿಲಕವಾಡಿ ನಿವೃತ್ತಳು, ಬೆಳಗಾವಿ

ನಾನು ಮಾಡಿಸಿಕೊಂಡೀನ್ರಿ. ಕೇಳಿದ್ದಕ್ಕ ಪೂರಾ ಹೇಳತೀನಿ. ನನಗ 62, ಬ್ಯಾಂಕಿನಾಗಿದ್ದೆ. ಎರಡೂ ಕಣ್ಣಿಗೆ ಮೋತಿಬಿಂದು ಆಪರೇಶನ್ ಮೊದಲ ಆಗಿತ್ತು. ಅದಾದ ಮ್ಯಾಲೆ ಬಲಗಣ್ಣಾಗ ಮಾಸ್ತರು ಹೇಳಿದಂಥಾದ್ದ ಬಳಿ. ಒಂದೂವರಿ ವರ್ಷ ತಡಕೊಂಡೆ. ಮಗಳು ಪುಣೆದಾಗ ಇರತಾಳ, ಅಲ್ಲಿ ಮಾಡಸಿದ್ಲು.

ಹನಿ ಹಾಕಿ ಅರ್ಧ ತಾಸು ಕುಂದರಿಸಿದ್ರು. ಆಮ್ಯಾಲೆ ಮರಗಟ್ಟೂ ಹನಿ. ಕಣ್ಣು ತಪಾಸ ಮಾಡೂ ಮಷಿನ್ನಿನಂಥಾದ್ದರ ಮುಂದ ಗದ್ದ ಇಟ್ಟು, ಹಣಿ ಒತ್ತಿ ಕೂಡಬೇಕು. ಕಣ್ಣಿನ ಮ್ಯಾಲೆ ಜೆಲ್ ಹಚ್ಚಿದ ಒಂದು ಗಾಜಿನ ಬಟ್ಟಲ ಇಡತಾರ, ರೆಪ್ಪಿ ಮುಚ್ಚಾಕ ಬರೂದಿಲ್ಲ. ಆಮ್ಯಾಲೆ ಟಕ್, ಟಕ್, ಟಕ್. ನೋವಿಲ್ಲ, ಆದ್ರ ಒಂದೊಂದು ಟಕ್ಕಿಗೂ ಮೈ ಜುಮ್ ಅಂತಿತ್ತು. ಆ ಬಳಿ ನನ್ನ ಕಣ್ಣ ಮುಂದನ ಚೂರು ಚೂರಾಗೂದು ಕಾಣತಿತ್ತು, ಸಣ್ಣ ಸಣ್ಣ ಕರೆ ಗುಳ್ಳಿ ಕೆಳಗ ಇಳೀತಿದ್ದು. ಡಾಕ್ಟರು, "ಅವು ಖರೇ ಮ್ಯಾಲೆ ಹೋಗಾಕ ಹತ್ತಾವ, ನಿಮಗ ತಲಿಕೆಳಗ ಕಾಣತಾವ" ಅಂದ್ರು. ಎಷ್ಟು ಹೊಡದ್ರಿ ಅಂತ ಕೇಳಿದ್ರ ಮುನ್ನೂರ ಚಿಲ್ಲರ ಅಂದ್ರು.

ಒಂದ ಸಲಕ್ಕ ಆಗಲಿಲ್ಲ, ಎರಡು ಸಲ ಹೋದೆ. ಈಗ ನಡುವಿನ ಬಳಿ ಇಲ್ಲ. ಬದಿಗೆ ಧೂಳು ಹಾರಿದಂಗ ಸ್ವಲ್ಪ ಉಳದಾವ, ಸಂಜಿಮುಂದ ಬಾಲ್ಕನಿಯಾಗ ಕುಂತಾಗ ಕಾಣತಾವ. ನನಗ ಸಮಾಧಾನ ಐತಿ. ಆದ್ರ ಆ ಡಾಕ್ಟರು ಮೊದಲನೇ ದಿನ ಇಲ್ಲ ಅಂತ ವಾಪಸ್ ಕಳಿಸಿದ್ರು ಅನ್ನೂದು ಮರೀಬ್ಯಾಡ್ರಿ. "ಆರು ತಿಂಗಳು ಬಿಟ್ಟು ಬರ್ರಿ, ಅಷ್ಟರಾಗ ನೀವ ಬ್ಯಾಡ ಅನ್ನಬಹುದು" ಅಂದಿದ್ರು. ಮಾಸ್ತರಿಗೆ ಫೋನಿನ್ಯಾಗ ಗ್ಯಾರಂಟಿ ಕೊಟ್ಟವರಿಗೂ ಇವರಿಗೂ ನಾನು ಹೋಲಿಸಿ ನೋಡಾಕ ಹತ್ತೀನಿ.

ವರ್ಗಾವಣೆ ಮೇಲೆ ಬಂದವನು, ವಿಜಯಪುರ

ನಾನು ತುಮಕೂರಿನ ಕಡೆಯವನು, ಇಲ್ಲಿಗೆ ಬಂದು ಮೂರು ವರ್ಷ. ಅಮ್ಮನವರ ಅನುಭವ ಸಂತೋಷ ತಂತು, ಆದರೆ ಒಬ್ಬರ ಅನುಭವದ ಮೇಲೆ ದುಡ್ಡು ಹಾಕಬಾರದು. ಇದಕ್ಕೆ ಸರಿಯಾದ ಪರೀಕ್ಷೆ ಅಂತ ನಡೆದಿರುವುದು ತೀರಾ ಕಡಿಮೆ. 2017ರಲ್ಲಿ ಬಾಸ್ಟನ್‌ನವರು ಒಂದು ಮಾಡಿದರು. ಒಟ್ಟು 52 ಜನ, ಎಲ್ಲರಿಗೂ ಆ ಬಳೆಯಂಥ ಫ್ಲೋಟರ್, ಅಂದರೆ ಕಣ್ಣಲ್ಲಿ ತೇಲುವ ಗಂಟು. 36 ಜನಕ್ಕೆ ನಿಜವಾದ ಲೇಸರ್, 16 ಜನಕ್ಕೆ ಸುಮ್ಮನೆ ಹೊಡೆದ ಹಾಗೆ ಮಾಡಿದರು. ಆರು ತಿಂಗಳಾದ ಮೇಲೆ ಕೇಳಿದರೆ ಲೇಸರ್ ಆದವರಲ್ಲಿ ತೊಂದರೆ 54 ಶೇಕಡಾ ತಗ್ಗಿತ್ತು, ಸುಮ್ಮನೆ ಮಾಡಿದವರಲ್ಲಿ 9 ಶೇಕಡಾ. 52 ಜನರನ್ನು ನೋಡಿ ಇಡೀ ಊರಿಗೆ ಗ್ಯಾರಂಟಿ ಅಂತ ಬೋರ್ಡ್ ಹಾಕುವುದು ನ್ಯಾಯವಾ?

ತಿಲಕವಾಡಿ ನಿವೃತ್ತಳು, ಬೆಳಗಾವಿ

ನಾನು ಗ್ಯಾರಂಟಿ ಅಂತ ಎಲ್ಲೂ ಅಂದಿಲ್ಲರಿ ತಮ್ಮಾ. 54 ಅಂದ್ರ ಅರ್ಧಕ್ಕಿಂತ ಜಾಸ್ತಿ, 9ರ ಮುಂದ ಅದು ದೊಡ್ಡದ. ಒಂದೂವರಿ ವರ್ಷ ಕಣ್ಣಾಗ ಬಳಿ ಇಟಗೊಂಡು ನೋಡ್ರಿ, ಆಮ್ಯಾಲೆ ಶೇಕಡಾ ಮಾತಾಡೋಣ.

ವರ್ಗಾವಣೆ ಮೇಲೆ ಬಂದವನು, ವಿಜಯಪುರ

ಕ್ಷಮಿಸಿ ಅಮ್ಮ, ನಿಮ್ಮ ತೊಂದರೆಯನ್ನು ಸಣ್ಣದು ಮಾಡಲಿಲ್ಲ. ಕೋಪ ಆ ಜಾಹೀರಾತಿನವರ ಮೇಲೆ. ಅಮೆರಿಕದ ರೆಟಿನಾ ತಜ್ಞರ ಸಂಘದವರು ಈ ಲೇಸರ್‌ನಿಂದ ಆದ ಅನಾಹುತಗಳನ್ನೂ ಕಲೆಹಾಕಿದ್ದಾರೆ. ಲೆನ್ಸ್‌ಗೆ ಪೆಟ್ಟು ಬಿದ್ದು ಪೊರೆ (ಇಲ್ಲಿಯವರ ಮೋತಿಬಿಂದು) ಬಂದದ್ದು, ಕಣ್ಣಿನ ಒತ್ತಡ ಏರಿದ್ದು, ರೆಟಿನಾ ಹರಿದದ್ದು. ಇದನ್ನೂ ಫೋನಿನಲ್ಲೇ ಹೇಳಬೇಕಲ್ಲವಾ?

ಬೀಳಗಿ ಮಂದಿ

ಕಣ್ಣಿನ ಮಾತು ಬಂತಂದ್ರ ನಮ್ಮೂರ ಡಾ. ಎಂ. ಸಿ. ಮೋದಿಯವರನ್ನ ನೆನಸಲೇಬೇಕು. 1916ರಾಗ ಬೀಳಗಿಯೊಳಗ ಹುಟ್ಟಿದವ್ರು, 1968ಕ್ಕ ಪದ್ಮಭೂಷಣ. ಸಾಲಿ, ಛತ್ರದಾಗ ಶಿಬಿರ ಹಾಕಿ ಪುಕ್ಕಟೆ ಮೋತಿಬಿಂದು ತಗದ್ರು. ನಮ್ಮ ಅಮ್ಮನ ಅಮ್ಮಗ ಅವರ ಕೈಯಾಗ ಆಪರೇಶನ್ ಆಗಿತ್ತು. ಕಣ್ಣಿಗೆ ಹಸಿರು ಪಟ್ಟಿ ಕಟಗೊಂಡು ಮಂದಿ ಸಾಲು ಹಿಡದು ಮಲಗಿದ್ರು ಅಂತ ಸಾಯೂತನ ಹೇಳತಿದ್ಲು. ಅಂಥಾವ್ರ ಊರಾಗ ಇವತ್ತ ರೆಟಿನಾ ನೋಡಿಸಾಕ ಬಸ್ ಹತ್ತಬೇಕು.

ತಿಕೋಟಾ ದ್ರಾಕ್ಷಿ

ನಮ್ಮ ಅಜ್ಜಗೂ ಅವರ ಶಿಬಿರದಾಗ ಆಗಿತ್ತು. ದಪ್ಪ ಚಾಳೀಸು ಕೊಟ್ಟಿದ್ರು, ದಾರ ಕಟಗೊಂಡು ಹಾಕತಿದ್ದ.

ಜಮಖಂಡಿ ಕಬ್ಬು

ಇಲ್ಲಿ ಲೇಸರ್ ಚಲೋನೋ ಕೆಟ್ಟೋ ಅಂತ ನಡದೈತಿ. ನಾನು ಬ್ಯಾರೆ ಹೇಳತೀನಿ, ದಯವಿಟ್ಟು ಓದ್ರಿ.

ನಮ್ಮ ಅಣ್ಣಗ 48. ಎರಡು ವರ್ಷದ ಹಿಂದ, ಕಬ್ಬು ಕಡಿಯೂ ಹಂಗಾಮಿನಾಗ, ಒಂದು ಮುಂಜಾನೆ ಕಣ್ಣಾಗ ಮಸಿ ಚೆಲ್ಲಿದಂಗ ನೂರಾರು ಚುಕ್ಕಿ ಬಂದ್ವು. ಕತ್ತಲದಾಗ ಕಣ್ಣಿನ ಬದಿಗೆ ಮಿಂಚು. "ಕಬ್ಬಿನ ರವದಿ ಧೂಳು ಬಿದ್ದೈತಿ" ಅಂತ ನೀರು ಹಾಕಿ ತೊಳಕೊಂಡ. ಗ್ಯಾಂಗ್ ಬಂದೈತಿ, ಲಾರಿ ನಿಂತೈತಿ, ಬಿಟ್ಟು ಹ್ಯಾಂಗ ಹೋಗೂದು ಅಂದ. ಐದನೇ ದಿನಕ್ಕ ಕೆಳಗಿಂದ ಕರೆ ಪರದಾ ಏರಾಕ ಹತ್ತಿತು. ಒಂಬತ್ತನೇ ದಿನಕ್ಕ ಎದುರಿಗೆ ನಿಂತವರ ಮಕ ಕಾಣಲಿಲ್ಲ, ಆವಾಗ ಹೋದ್ವಿ. ರೆಟಿನಾ ಎದ್ದು, ನಡುವಿನ ಜಾಗಾನೂ ಬಿಟ್ಟಿತ್ತು. ಆಪರೇಶನ್ ಆತು, ರೆಟಿನಾ ಕೂತೈತಿ, ಆದ್ರ ಆ ಕಣ್ಣಾಗ ಇವತ್ತಿಗೂ ಬಾಗಲ ಚೌಕಟ್ಟು ಸೊಟ್ಟ ಕಾಣತೈತಿ, ಅಕ್ಷರ ಓದಾಕ ಆಗೂದಿಲ್ಲ. ಮೊದಲನೇ ದಿನ ಹೋಗಿದ್ರ ಬರೇ ಲೇಸರಿನ್ಯಾಗ ಮುಗೀತಿತ್ತು ಅಂದ್ರು ಡಾಕ್ಟರು. ಆ ಮಾತು ನನಗ ಇನ್ನೂ ಚುಚ್ಚತೈತಿ. ಲಾರಿ ಹತ್ತಿರ ನಿಂತು "ನಾಳೆ ಹೋದ್ರಾತು" ಅಂದಾಂವ ನಾನು.

ಸವದತ್ತಿ ಸೊಸಿ

ಅಣ್ಣಾರ, ಓದಿ ಕಣ್ಣಾಗ ನೀರು ಬಂತು. ನೀವು ತಿಳದು ಮಾಡಿದ್ದಲ್ಲ ಅದು.

ಮುದ್ದೇಬಿಹಾಳದ ರೆಟಿನಾ ವೈದ್ಯ

ಊರು ಮುದ್ದೇಬಿಹಾಳ, ಕೆಲಸ ಬೆಂಗಳೂರಿನಾಗ. ಜಮಖಂಡಿ ಅಣ್ಣಾರು ಹೇಳಿದ್ದನ್ನ ಎಲ್ಲಾರೂ ಇನ್ನೊಮ್ಮೆ ಓದ್ರಿ. ಒಮ್ಮೆಲೆ ಚುಕ್ಕಿಗಳ ಮಳಿ, ಮಿಂಚು, ಬದಿಯಿಂದ ಪರದಾ, ಈ ಮೂರರಾಗ ಒಂದು ಕಂಡ್ರೂ ಅವತ್ತ ಹೋಗ್ರಿ. ಶುಗರ್ ಇದ್ದವರಿಗೆ ಕಣ್ಣಾಗ ಹೊಗಿ ಎದ್ದಂಗ ಆದ್ರ ಒಳಗ ರಕ್ತ ಸೋರಿರಬಹುದು, ಅವರೂ ತಡಾ ಮಾಡಬಾರದು.

ಇನ್ನ ಆ ಬಳಿ ಏನಂದ್ರ, ಕಣ್ಣಿನ ಗುಡ್ಡಿ ಒಳಗ ವಿಟ್ರಿಯಸ್ ಅಂತ ಲೋಳಿಯಂಥಾದ್ದು ತುಂಬಿರತೈತಿ, ಸುಮಾರು 4 ಮಿಲಿ. ನೂರಕ್ಕ 98ಕ್ಕಿಂತ ಜಾಸ್ತಿ ನೀರ, ಉಳದಿದ್ದು ಸೂಕ್ಷ್ಮ ಕೊಲಾಜೆನ್ ಎಳಿ ಮತ್ತ ಅಂಟು. ವಯಸ್ಸಾದಂಗ ಅದು ನೀರೊಡದು, ಕುಗ್ಗಿ, ರೆಟಿನಾದಿಂದ ಬಿಡಿಸಿಕೊಂಡು ಮುಂದ ಬರತೈತಿ. ಕಣ್ಣಿನ ನರದ ಸುತ್ತ ಅಂಟಿಕೊಂಡಿದ್ದ ಭಾಗ ಬಿಟ್ಟು ಬಂದಾಗ ದುಂಡಗ ಬಳಿಯಂಗ ಕಾಣತೈತಿ, ಅದಕ್ಕ ವೈಸ್ ರಿಂಗ್ ಅಂತೀವಿ. ನಿಮಗ ಕಾಣೂದು ರೆಟಿನಾದ ಮ್ಯಾಲೆ ಬಿದ್ದ ಅದರ ನೆರಳು. ಮೈನಸ್ ನಂಬರ್ ದೊಡ್ಡದಿದ್ದವರಿಗೆ ಇದು ಬೇಗ ಆಗತೈತಿ. ಬಿಡಿಸಿಕೊಳ್ಳುವಾಗ ಎಲ್ಲೆರ ಗಟ್ಟಿ ಹಿಡದಿದ್ರ ರೆಟಿನಾನ ಹರೀತೈತಿ. ಅದಕ್ಕ ಮೊದಲ ಸಲ ಸರಿ ಇದ್ರೂ ಒಂದೂವರಿ ತಿಂಗಳಿಗೆ ಮತ್ತೊಮ್ಮೆ ಅಂಚಿನ ತನಕ ನೋಡಬೇಕು. ಮಾಸ್ತರ, ಎರಡನೇ ಸಲ ತೋರಿಸಿದ್ರೇನು?

ಲೇಸರ್ ಬಗ್ಗೆ ನನ್ನ ಅಭಿಪ್ರಾಯ. 1980ರ ಆಸುಪಾಸಿನಾಗ ಸ್ವಿಟ್ಜರ್‌ಲ್ಯಾಂಡಿನ ಫ್ಯಾಂಕ್‌ಹೌಸರ್, ಪ್ಯಾರಿಸ್ಸಿನ ಆರೋನ್-ರೋಸಾ ಈ ಯಾಗ್ ಲೇಸರನ್ನ ಕಣ್ಣಿಗೆ ತಂದ್ರು. ಅದು ಕಣ್ಣಿಗೆ ಕಾಣದ ಕಿರಣ, ಸೂಜಿ ಮೊನಿಗಿಂತ ಸಣ್ಣ ಜಾಗಾಕ್ಕ ಕೂಡಿಸಿದಾಗ ಅಲ್ಲಿ ಒಂದು ಸಣ್ಣ ಸ್ಫೋಟ ಆಗತೈತಿ. ಅದು ಬಳಿ ಮ್ಯಾಲೆ ಆದ್ರ ಬಳಿ ಒಡೀತೈತಿ. ಲೆನ್ಸಿನ ಮ್ಯಾಲೆ ಆದ್ರ ಮೋತಿಬಿಂದು, ರೆಟಿನಾದ ಮ್ಯಾಲೆ ಆದ್ರ ಗಾಯ. ಹಿಂಗಾಗಿ ಒಂದ ಗಟ್ಟಿ ಬಳಿ, ಲೆನ್ಸಿನಿಂದಾನೂ ರೆಟಿನಾದಿಂದಾನೂ ದೂರ, ಮೋತಿಬಿಂದು ಮೊದಲ ಆಗಿ ಹೋಗೇತಿ, ಇಂಥಾವ್ರಿಗೆ ಮಾಡಬಹುದು. ತಿಲಕವಾಡಿ ಅಮ್ಮಾರು ಹಂಥಾವ್ರು, ಅವರ ಡಾಕ್ಟರು ಆರಿಸಿ ಮಾಡ್ಯಾರ. ಜೇಡರ ಬಲಿಯಂಗ ಹರವಿದ್ದಕ್ಕ ಉಪಯೋಗ ಕಡಿಮಿ. ಸಿಂದಗಿ ತಮ್ಮನಂಥ ಹುಡುಗರಿಗೆ ಎಳಿ ರೆಟಿನಾಕ್ಕ ಬಾಳ ಹತ್ತಿರ ಇರತಾವ, ಅಲ್ಲಿ ನಾನು ಲೇಸರ್ ಮುಟ್ಟೂದಿಲ್ಲ.

ಸಿಂದಗಿ ತಮ್ಮ

ಹಂಗಾದ್ರ ನಾನು ಏನು ಮಾಡ್ಲಿ ಡಾಕ್ಟ್ರ? ಪೂರಾ ತಗದು ಬಿಡೂ ಆಪರೇಶನ್ ಐತಂತಲ್ಲ?

ಮುದ್ದೇಬಿಹಾಳದ ರೆಟಿನಾ ವೈದ್ಯ

ಐತಿ, ವಿಟ್ರೆಕ್ಟಮಿ. ಸಣ್ಣ ತೂತು ಹಾಕಿ ಆ ಲೋಳಿನ ತಗದು ನೀರು ತುಂಬೂದು. ತೇಲೂದು ಹೋಗತಾವ. ಆದ್ರ ರೆಟಿನಾ ಹರಿಯೂ ಭಯ ಐತಿ, ಸ್ವಂತ ಲೆನ್ಸ್ ಇದ್ದವರಿಗೆ, ಅದರಾಗೂ 50 ದಾಟಿದವರಿಗೆ, ಮುಂದ ಮೋತಿಬಿಂದು ಬರೂದು ಹೆಚ್ಚು ಕಡಿಮಿ ಖಾತ್ರಿ. ಬದುಕ ನಡಿಯೂದ ನಿಂತ್ರ ಮಾತ್ರ ಆ ಮಾತು. ನೀ ಒಮ್ಮೆ ಹನಿ ಹಾಕಿಸಿಕೊಂಡು ತೋರಿಸು, ತಮ್ಮಾ. ಸರಿ ಇದ್ರ ನಿನ್ನ ಕೆಲಸ ನೀ ಮಾಡು.

ಗಣಿತದ ಮಾಸ್ತರ, ನವನಗರ ಬಾಗಲಕೋಟಿ

ಎಲ್ಲಾರಿಗೂ ಬಾಳ ಧನ್ಯವಾದ. ಡಾಕ್ಟರ ಮಾತು ಓದಿ ಮರುದಿನನ ಎರಡನೇ ಸಲ ತೋರಿಸಿ ಬಂದೆ. ಮಲಗಿಸಿ, ತಲಿಗೆ ದೀಪ ಕಟಗೊಂಡು, ಕಣ್ಣಿನ ಅಂಚು ಒತ್ತಿ ಒತ್ತಿ ನೋಡಿದ್ರು. ತೂತು ಇಲ್ಲ. ಎಡಗಣ್ಣಿನ ಅಂಚಿನಾಗ ಒಂದು ಕಡೆ ತೆಳು ಆಗೇತಿ, ಆರು ತಿಂಗಳಿಗೊಮ್ಮೆ ನೋಡೂಣು ಅಂದ್ರು. ಬರೇ ಬಲಗಣ್ಣ ಹಿಡಕೊಂಡು ಕುಂತಿದ್ದೆ ನಾನು.

ಲೇಸರ್ ಸದ್ಯಕ್ಕ ಬಿಟ್ಟೆ. ನನ್ನ ಲೆನ್ಸ್ ಇನ್ನೂ ಸ್ವಂತದ್ದು, ಬಳಿ ಬಂದು ಬರೇ ಎರಡು ತಿಂಗಳು. ಸೆಂಟರಿನವ್ರು ಮತ್ತ ಫೋನ್ ಮಾಡಿದ್ರು, ಬ್ಯಾಡ ಅಂದೆ. ಇಳಕಲ್ಲ ಅಣ್ಣಾರು ಹೇಳಿದಂಗ ಪಡಸಾಲ್ಯಾಗ ಕುರ್ಚಿ ತಿರುಗಿಸಿ ಹಾಕೀನಿ, ಬೆಳಕು ಈಗ ಹೆಗಲ ಮ್ಯಾಲಿಂದ ಬರತೈತಿ. ಪೇಪರ್ ತಿದ್ದುವಾಗ ಚುಕ್ಕಿ ಕಂಡಲ್ಲಿ ಹಾಳಿ ಸ್ವಲ್ಪ ಸರಸತೀನಿ. ಹಾಳಿ ಜೋಡಿ ಚುಕ್ಕಿ ಸರದ್ರ ಅದು ಹುಡುಗರದು, ಸರೀಲಿಲ್ಲಂದ್ರ ನನ್ನದು. ಆ ಹುಡುಗಿ ಮಾರ್ಕ್ಸ್ ರಿಜಿಸ್ಟರಿನಾಗೂ ತಿದ್ದೀನಿ.

ಇಳಕಲ್ ಮಗ್ಗ

ಮಾಸ್ತರ, ಹಾಳಿ ಸರಸೂದು ಚಲೋ ಹೇಳಿದ್ರಿ. ನನಗ ಇನ್ನೊಂದು ಕೇಳೂದೈತಿ. ಎರಡು ವರ್ಷದಾಗ ನಾನು ಒಮ್ಮೆನೂ ಹನಿ ಹಾಕಿಸಿ ತೋರಿಸಿಲ್ಲ. ನಾಳೆ ಬಾಗಲಕೋಟಿಗೆ ಬಂದ್ರ ಒಂದ ದಿನದಾಗ ಆಗತೈತೇನ್ರಿ? ಗಾಡಿ ಮ್ಯಾಲೆ ಬರಬೇಕಂತೀನಿ.

ಗಣಿತದ ಮಾಸ್ತರ, ನವನಗರ ಬಾಗಲಕೋಟಿ

ಆಗತೈತಿ ಅಣ್ಣಾರ, ಅರ್ಧ ದಿನ ಹಿಡೀತೈತಿ. ಗಾಡಿ ಬ್ಯಾಡ. ಹನಿ ಹಾಕಿದ ಮ್ಯಾಲೆ ನಾಕೈದು ತಾಸು ಕಣ್ಣು ಮಂಜು ಇರತೈತಿ, ಬಿಸಲಿಗೆ ಬಿಡಾಕ ಆಗೂದಿಲ್ಲ. ಮುಂಜಾನೆ ಬಸ್ಸಿಗೆ ಬರ್ರಿ, ಮನಿಯಾಕಿನ್ನ ಜೋಡಿ ಕರಕೊಂಡು ಬರ್ರಿ. ನಾಳೆ ನನಗ ರಜಾ ಐತಿ, ಸ್ಟ್ಯಾಂಡಿಗೆ ನಾನ ಬರತೀನಿ.